ಮೇಜರಮ್ಮನ ‘ಏನೂಂದ್ರೆ’

ಮೇಜರಮ್ಮನಿಗೆ ಏನು ಕೊಡಲು ಹೋದರೂ, ಹೂವಾಗಲಿ ಕಾಫಿ ಲೋಟವಾಗಲಿ, ಅವರ ಮೂರು ಬೆರಳು ಮೊದಲು ನಮ್ಮ ಮಣಿಕಟ್ಟಿನ ಮೇಲೆ ಬಂದು ಕೂರುತ್ತಿದ್ದವು. ಉಗುರನ್ನು ಮಾಂಸಕ್ಕೆ ಹತ್ತುವಂತೆ ಕತ್ತರಿಸಿದ, ತೊಳೆದೂ ತೊಳೆದೂ ಬಿಳಚಿಕೊಂಡ ಬೆರಳುಗಳು. ಕಣ್ಣು ಗೋಡೆ ಗಡಿಯಾರದ ಕಡೆ. ಅರ್ಧ ನಿಮಿಷವಾದ ಮೇಲೆ ಲೋಟ ತೆಗೆದುಕೊಂಡು, “ಹ್ಞೂಂ, ಬದುಕಿದೀಯ. ಈಗ ರಿಪೋರ್ಟ್ ಕೊಡು” ಎನ್ನುತ್ತಿದ್ದರು. ರಿಪೋರ್ಟ್ ಎಂದರೆ ಬೀದಿಯ ಸುದ್ದಿ.

ಮೈಸೂರಿನ ಲಷ್ಕರ್ ಮೊಹಲ್ಲಾದಲ್ಲಿ ನಮ್ಮ ಮನೆಯೆದುರಿನ ಮಹಡಿಯಲ್ಲಿ ಅವರು ಒಬ್ಬರೇ ಇದ್ದರು. ಸೇನೆಯ ಆಸ್ಪತ್ರೆಗಳಲ್ಲಿ ನರ್ಸಾಗಿದ್ದು, ಮೇಜರ್ ಆಗಿ ನಿವೃತ್ತರಾದವರು. ಮದುವೆಯಾಗಿರಲಿಲ್ಲ. ಹಾಸಿಗೆಯ ಹೊದಿಕೆ ಸಡಿಲವಾಗಿದ್ದರೆ ಯಾರ ಮನೆಯೆಂದು ನೋಡದೆ ಕಿತ್ತು ಬಿಗಿಯಾಗಿ ಹಾಸುತ್ತಿದ್ದರು. ತರಕಾರಿ ಗಾಡಿಯವನು ಕೆಮ್ಮಿದರೆ, “ಕಫ ಯಾವ ಬಣ್ಣ?” ಎಂದು ಎಲ್ಲರೆದುರಿಗೆ ಕೇಳಿ ಅವನ ವ್ಯಾಪಾರ ಕೆಡಿಸುತ್ತಿದ್ದರು.

ಒಂದು ಸಂಜೆ ಇದ್ದಕ್ಕಿದ್ದಂತೆ ಕೇಳಿದರು: “ನಿನ್ನ ಗಂಡನ್ನ ಏನಂತ ಕರೀತೀಯ?”

“ಹೆಸರು ಹಿಡಿದೇ.”

“ಅಂಗಾದ್ರೆ ನಿಂಗರ್ಥ ಆಗಲ್ಲ ಬುಡು” ಎಂದರು. ಆಮೇಲೆ ತಾವೇ ತಮ್ಮ ನರ್ಸಿಂಗ್ ದಿನಗಳ ಒಂದು ಕಥೆ ಹೇಳಿದರು.

ಮುಂದೆಯೂ ಎರಡು ಸಲ ಹೇಳಿದ್ದಾರೆ. ಮೂರನ್ನೂ ದಿನಚರಿಯಲ್ಲಿ ಬರೆದಿಟ್ಟಿದ್ದೇನೆ. ಒಂದಕ್ಕೊಂದು ಪೂರ್ತಿ ಹೊಂದುವುದಿಲ್ಲ. ಒಮ್ಮೆ ವಾರ್ಡು ಶಾಲೆಯ ಕಟ್ಟಡದಲ್ಲಿತ್ತು, ಇನ್ನೊಮ್ಮೆ ಡೇರೆಯಲ್ಲಿ. ಒಮ್ಮೆ ಏಳು ದಿನ, ಎರಡು ಸಲ ಒಂಬತ್ತು. ಮೂರರಲ್ಲೂ ಬದಲಾಗದ್ದನ್ನು ಮಾತ್ರ ಇಲ್ಲಿ ಹೇಳುತ್ತೇನೆ.

ಎಪ್ಪತ್ತೊಂದರ ಯುದ್ಧ. ಉತ್ತರದ ಒಂದು ಸೇನಾ ಆಸ್ಪತ್ರೆ. ಇವರಿಗೆ ಇಪ್ಪತ್ತನಾಲ್ಕು ವರ್ಷ. ತಲೆಗೆ ಪೆಟ್ಟಾಗಿ, ಕಣ್ಣಿಗೂ ಪಟ್ಟಿ ಕಟ್ಟಿಸಿಕೊಂಡು ಬಂದ ಸಿಪಾಯಿಯೊಬ್ಬ ಮೈಸೂರಿನ ಕಡೆಯವನೆಂದು ಗೊತ್ತಾಗಿ, ಅವನನ್ನು ಇವರಿಗೆ ಒಪ್ಪಿಸಿದರು. ಡಾಕ್ಟರರ ಅಪ್ಪಣೆ ಒಂದೇ: ಅರ್ಧ ಗಂಟೆಗೊಮ್ಮೆ ಹೆಸರು ಹಿಡಿದು ಕರೆಯಬೇಕು, ಓಗೊಟ್ಟರೆ ಬರೆಯಬೇಕು. ಎರಡು ದಿನ ಕರೆದರು. ಅವನು ಮಿಸುಕಲಿಲ್ಲ. ಮೂರನೆಯ ದಿನ ಸುಸ್ತಾಗಿ, ತಮ್ಮ ಅವ್ವ ಅಪ್ಪನನ್ನು ಎಬ್ಬಿಸುತ್ತಿದ್ದ ಮಾತು ಬಾಯಿಂದ ಜಾರಿತು: “ಏನೂಂದ್ರೆ…”

“ಬಂದೆ ಇರೇ” ಎಂದ ಸಿಪಾಯಿ.

ಅಂದಿನಿಂದ ಅವನನ್ನು ಅದೇ ಮಾತಿನಿಂದ ಕರೆದರು. ಪ್ರತಿ ಸಲವೂ ಓ ಎನ್ನುತ್ತಿದ್ದ. ವಾರ್ಡಿನಲ್ಲಿ ಮತ್ತಾರಿಗೂ ಕನ್ನಡ ಬಾರದು. ಪಂಜಾಬಿ ಆರ್ಡರ್ಲಿಯೊಬ್ಬ ಆ ಮಾತನ್ನು ‘ಇಂದರ್’ ಎಂದು ಕೇಳಿಸಿಕೊಂಡ. ಎರಡೇ ದಿನದಲ್ಲಿ ಇಡೀ ವಾರ್ಡಿಗೆ ಅವನು ಇಂದರ್ ಸಾಬ್. ‘ಇಂದರ್ ಸಾಬ್ ಗಂಜಿ ಕುಡಿದರಾ?’ ಎಂದು ಡಾಕ್ಟರರೂ ಕೇಳುತ್ತಿದ್ದರಂತೆ. ಇದನ್ನು ಹೇಳುವಾಗ ಮೇಜರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು.

ನಕ್ಕು ಮುಗಿದ ಮೇಲೆ ಒಂದು ಮಾತು: “ನಾಕು ದಿನ ಆದ್ಮೇಲೆ ನಾನು ಡ್ಯೂಟಿಗೋಸ್ಕರ ಕರೀತಿರ್ಲಿಲ್ಲ ಕಣಮ್ಮ. ಅವರು ಓ ಅನ್ಲಿ ಅಂತ ಕರೀತಿದ್ದೆ.”

ಅರ್ಧ ಗಂಟೆ ಕಾಲು ಗಂಟೆಯಾಯಿತು. ಒಂದು ಬೆಳಿಗ್ಗೆ ಅವನು ಓಗೊಡಲಿಲ್ಲ. ‘ಕರೆಗೆ ಪ್ರತಿಕ್ರಿಯೆ ಇಲ್ಲ’ ಎಂದು ಇವರೇ ಹಾಳೆಯಲ್ಲಿ ಬರೆದು ಸಹಿ ಮಾಡಿದರು.

ಮುಂದಿನ ರಜೆಯಲ್ಲಿ ಅವನ ಹಳ್ಳಿಗೆ ಹೋದರು. ಹದಿನೆಂಟರ ಹೆಂಡತಿ ಕೇಳಿದ್ದು ಇಷ್ಟೇ: “ನನ್ನ ನೆನೆಸ್ಕೊಂಡ್ರಾ?” ಇವರು, “ನಿಮ್ಮನ್ನೇ ಮಾತಾಡಿಸ್ತಿದ್ರು” ಎಂದು ಎದ್ದು ಬಂದರು. ತಾವು ಕರೆದದ್ದನ್ನು ಹೇಳಲಿಲ್ಲ. ಮುಂದೆ ಆಕೆ ಶಾಲೆಯೊಂದರಲ್ಲಿ ಆಯಾ ಕೆಲಸಕ್ಕೆ ಸೇರಿ ಉದಯಗಿರಿಗೆ ಬಂದು ನೆಲೆಸಿದ್ದು ಇವರಿಗೆ ಗೊತ್ತಿತ್ತು. ಮಿಲಿಟರಿ ಕ್ಯಾಂಟೀನಿನ ಸಾಲಿನಲ್ಲಿ ಎರಡು ಸಲ ಕಂಡು ತಲೆ ತಗ್ಗಿಸಿದ್ದರಂತೆ.

ಮೂರನೆಯ ಸಲ ಹೇಳಿ ಮುಗಿಸಿದಾಗ ಅಂದರು: “ಅವಳ ಮಾತನ್ನ ನಾನು ಕದ್ದೆ. ಅವಳಿಗೆ ಸಲ್ಲಬೇಕಾದ ‘ಓ’ನ ನಾನಿಸ್ಕೊಂಡೆ. ಹೇಳ್ದೆ ಸಾಯಲ್ಲ ನಾನು.”

ಅದು ಕಳ್ಳತನವಲ್ಲ, ಔಷಧ ಎಂದು ನಾನು ಓದಿದವಳ ಸಮಾಧಾನ ಹೇಳಿದೆ. ಅವರು ನನ್ನನ್ನೇ ನೋಡಿ, “ಆಟೋ ಕರಿ” ಎಂದರು.

ಉದಯಗಿರಿಯಲ್ಲಿ, ಮೆಕ್ಯಾನಿಕ್ ಅಂಗಡಿಯ ಹಿಂದಿನ ಎರಡು ಕೋಣೆಯ ಮನೆ. ಎಪ್ಪತ್ತು ದಾಟಿದ ಹೆಂಗಸು ಬಾಗಿಲು ತೆಗೆದು, ಗುರುತು ಹಿಡಿದು, ಚಾಪೆ ಹಾಸಿದರು. ಮೇಜರಮ್ಮ ಕೂರಲಿಲ್ಲ. ನಿಂತೇ, ಮೇಲಧಿಕಾರಿಗೆ ವರದಿ ಒಪ್ಪಿಸುವವರಂತೆ ಎಲ್ಲವನ್ನೂ ಹೇಳಿದರು. ಕೊನೆಗೆ, “ನಿಮ್ಮಂಗೆ ಕರೆದ್ಬುಟ್ಟೆ. ತಪ್ಪಾಯ್ತು” ಎಂದರು.

ಆಕೆ ಬಗ್ಗಿ ಚಾಪೆಯ ಅಂಚು ಸರಿಮಾಡಿದರು. ಆಮೇಲೆ, “ನಾನ್ಯಾವತ್ತು ಅಂಗೆ ಕರೆದಿದ್ದೆ?” ಎಂದರು.

ಮೇಜರಮ್ಮನಿಗೆ ಅರ್ಥವಾಗಲಿಲ್ಲ. ನನಗೂ.

“ಮದುವೆಯಾಗಿ ಹದಿನಾರು ದಿನಕ್ಕೆ ರಜಾ ಮುಗೀತು. ಮನೆ ತುಂಬ ಜನ. ಬಾಯಿ ಬುಡಕ್ಕೇ ನಾಚ್ಕೆ ನಂಗೆ. ಬಳೆ ಸದ್ದು ಮಾಡಿದ್ರೆ ತಿರುಗ್ತಿದ್ರು, ಅಷ್ಟೆಯ. ಬಾಯಲ್ಲಿ ಕರೆದೇ ಇಲ್ಲ ಕಣಕ್ಕ.”

ಮೇಜರಮ್ಮ ಆಗ ಕೂತರು. ಕೂರಲು ನಾನು ಕೈ ಕೊಟ್ಟೆ.

“ಎಂಗೆ ಕರೆದ್ರಿ?” ಎಂದರು ಆಕೆ. “ಒಂದ್ಸಲ ಕರೀರಿ, ಕೇಳನ.”

“ಬ್ಯಾಡ ಕಣಮ್ಮ.”

“ಕರೀರಿ ಅಂತೀನಿ. ವಾರ್ಡಿಗೆಲ್ಲ ಕೇಳ್ಸಿದೀರಿ, ನಂಗೊಬ್ಳಿಗೆ ಕೇಳ್ಸಕ್ಕೇನು?”

ಗಲ್ಲಿಯ ಈ ತುದಿಯಿಂದ ಆ ತುದಿಗೆ ಗದರುತ್ತಿದ್ದ ಮೇಜರಮ್ಮ ಎರಡು ಸಲ ಬಾಯಿ ತೆರೆದು ಮುಚ್ಚಿದರು. ಆಮೇಲೆ ಕರೆದರು. ಆ ದನಿ ಎಳೆಯದಾಗಿತ್ತು ಎಂದು ಆ ದಿನ ಬರೆದಿದ್ದೇನೆ. ನಿಜವಾಗಿ ಹಾಗಿತ್ತೋ, ಹಾಗಿರಲಿ ಎಂದು ನನ್ನ ಕಿವಿ ಬಯಸಿತ್ತೋ ಹೇಳಲಾರೆ.

ಆಕೆ ಕಣ್ಣು ಮುಚ್ಚಿ ಕೇಳಿಸಿಕೊಂಡರು. “ಚೆನ್ನಾಗದೆ. ಇಷ್ಟು ಚೆನ್ನಾಗಿ ನಂಗೆ ಬತ್ತಿರ್ಲಿಲ್ಲ ಬುಡಿ” ಎಂದು ಎದ್ದು, ಕಾಫಿಗಿಟ್ಟರು.

ಹಾಗಾದರೆ ಆ ಸಿಪಾಯಿ ಯಾರಿಗೆ ಓಗೊಟ್ಟ? ಇನ್ನೂ ಕರೆಯದ ಹೆಂಡತಿಗೋ? ಅಪ್ಪನನ್ನು ಕರೆಯುತ್ತಿದ್ದ ತನ್ನ ತಾಯಿಯ ದನಿ ಕೇಳಿತೋ? ಅಥವಾ ಕರೆದವಳಿಗೇ? ‘ಇರೇ’ ಎಂದನೆಂದು ಮೇಜರಮ್ಮ ಆಣೆಯಿಟ್ಟು ಹೇಳುತ್ತಿದ್ದರು. ಗೌರವದ ‘ಇರಿ’ ಎಂದಿದ್ದರೆ, ಹೆಂಡತಿಗಲ್ಲ, ನರ್ಸಿಗೇ ಹೇಳಿದ್ದೆಂದಾಗಿ ಕಥೆಯೇ ಬೇರೆ. ಒಂದು ಸ್ವರ ಐವತ್ತು ವರ್ಷ ಒಬ್ಬರ ನೆನಪಿನಲ್ಲಿ ಸವೆಯದೆ ಉಳಿದೀತೇ? ಆಟೋದಲ್ಲಿ ಕೇಳಬೇಕೆಂದುಕೊಂಡೆ. ಅವರು ದಾರಿಯುದ್ದಕ್ಕೂ ಹೊರಗೆ ನೋಡುತ್ತಾ ಅಳುತ್ತಿದ್ದರು. ಅವರು ಅತ್ತದ್ದನ್ನು ನಾನು ಕಂಡದ್ದು ಅದೊಂದೇ ಸಲ. ನನ್ನ ಪ್ರಶ್ನೆಗಳನ್ನು ಕೇಳದೆ ಬಿಡಬಹುದು ಎಂಬುದನ್ನು ಆವತ್ತು ಕಲಿತೆ.

ಎರಡು ತಿಂಗಳಾದ ಮೇಲೆ ಮೇಜರಮ್ಮ ತೀರಿಕೊಂಡರು. ಉದಯಗಿರಿಗೆ ನಾನೇ ಫೋನ್ ಮಾಡಿದ್ದೆ. ಆಕೆ ಬಂದಾಗ ಮನೆ ತುಂಬಿತ್ತು. ಹೆಬ್ಬಾಳದ ಕಾರ್ಖಾನೆಯಿಂದ ಪಾಳಿ ಬಿಟ್ಟು ಬಂದಿದ್ದ ಮೇಜರಮ್ಮನ ತಮ್ಮನ ಮಗ, ಗುರುತಿಲ್ಲದ ಮುಖ ನೋಡಿ ಮೆಲ್ಲಗೆ ಕೇಳಿದ: “ನಿಮಗೆ ಇವರು ಏನಾಗ್ಬೇಕಮ್ಮ?”

ಏನು ಹೇಳುತ್ತಾರೋ ಎಂದು ನನಗೆ ದಿಗಿಲಾಯಿತು. ಆಕೆ ಮೇಜರಮ್ಮನ ಮುಖವನ್ನೇ ನೋಡುತ್ತಾ ಹೇಳಿದರು:

“ನಮ್ಮನೆಯವ್ರಿಗೆ ಬೇಕಾದೋರು.”

ಅವನು ತಲೆಯಾಡಿಸಿ, ನೆಂಟರ ಸಾಲಿನಲ್ಲಿ ಅವರಿಗೆ ಜಾಗ ಮಾಡಿಕೊಟ್ಟ.