ನಾಯಿಯೂ ಮುಟ್ಟದ ನಾನಖಟಾಯಿ

ಪೊಲೀಸ್ ಆಕ್ಷನ್ ಆಗಿ ಇನ್ನೂ ವರ್ಷ ತುಂಬಿರಲಿಲ್ಲ. ನನಗೆ ಆಗ ಏಳೋ ಎಂಟೋ ವಯಸ್ಸು. ನಿಜಾಮನ ರಾಜ್ಯ ಹೋಯಿತು, ಇನ್ನು ಹೆದರಿಕೆಯಿಲ್ಲ ಎಂದು ದೊಡ್ಡವರು ಹೇಳುತ್ತಿದ್ದರು. ಆದರೆ ಶಹಾಪುರದ ನಮ್ಮ ಓಣಿಯಲ್ಲಿ ಹೊತ್ತು ಮುಳುಗುವ ಮೊದಲೇ ಬಾಗಿಲು ಹಾಕಿಕೊಳ್ಳುವ ಚಾಳಿ ಯಾರಿಗೂ ಬಿಟ್ಟಿರಲಿಲ್ಲ. ಯಾರಾದರೂ ನಕ್ಕರೆ ಏಕೆ ನಕ್ಕರು, ಸುಮ್ಮನಿದ್ದರೆ ಏಕೆ ಸುಮ್ಮನಿದ್ದಾರೆ ಎಂದು ಜನ ಯೋಚಿಸುತ್ತಿದ್ದರು.

ಅನುಮಾನ ಪಡುವುದರಲ್ಲಿ ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಎಲ್ಲರಿಗಿಂತ ಒಂದು ಕೈ ಮೇಲು. ಅವಳಿಗೆ ಕಾರಣವೂ ಇತ್ತು. ಗಲಾಟೆಯ ದಿನಗಳಲ್ಲಿ ವನದುರ್ಗದ ಹತ್ತಿರ ನಮ್ಮ ಕುರಿ ಹಟ್ಟಿಗೆ ನಿಜಾಮನ ಪರವಾಗಿದ್ದ ರಜಾಕಾರರು ನುಗ್ಗಿ ಕುರಿಗಳನ್ನು ಹೊಡೆದುಕೊಂಡು ಹೋಗಿದ್ದರು. ತಡೆಯಲು ಹೋದ ಅವಳ ಗಂಡ, ನಮ್ಮ ಮುತ್ಯಾನನ್ನು ಬಡಿದು ಹಾಕಿದ್ದರು. ಮುತ್ಯಾ ಹಾಸಿಗೆ ಹಿಡಿದವನು ಮತ್ತೆ ಏಳಲಿಲ್ಲ. ಅಂದಿನಿಂದ ಆಯಿಗೆ ಟೋಪಿ ಕಂಡರೂ ಆಗುತ್ತಿರಲಿಲ್ಲ, ಬುರ್ಖಾ ಕಂಡರೂ ಆಗುತ್ತಿರಲಿಲ್ಲ.

ಆದರೆ ನಮ್ಮ ಹಿತ್ತಲ ಗೋಡೆಯ ಆಚೆಗಿದ್ದುದೇ ನಾವು ಮಕ್ಕಳು ಚಿಕ್ಕಮ್ಮನೆಂಬಂತೆ ಕರೆಯುತ್ತಿದ್ದ ಹಸೀನಾ ಖಾಲಾಳ ಮನೆ. ಅವಳ ಗಂಡ ಹಳೆಯ ಸರ್ಕಾರದಲ್ಲಿ ಜವಾನನಾಗಿದ್ದ. ಸರ್ಕಾರ ಬದಲಾದ ಮೇಲೆ ಕೆಲಸ ಹೋಗಿ, ಬೇರೆ ಕೆಲಸ ಹುಡುಕಿಕೊಂಡು ಹೈದರಾಬಾದಿಗೆ ಹೋಗಿದ್ದ. ಬೀದರ ಕಡೆ ಇದ್ದ ಅವಳ ತಮ್ಮನದು ಆಕ್ಷನ್ ಆದ ಮೇಲೆ ಸುದ್ದಿಯೇ ಇರಲಿಲ್ಲ. ನನ್ನ ಓರಗೆಯ ಮಗಳು ನೂರಿಯನ್ನು ಕಟ್ಟಿಕೊಂಡು ಅವಳೊಬ್ಬಳೇ ಇದ್ದಳು. ಎರಡೂ ಮನೆಗಳ ನಡುವೆ ಹಿತ್ತಲಲ್ಲೊಂದು ಬಾಗಿಲಿತ್ತು. ಗಲಾಟೆಯಲ್ಲಿ ಎರಡೂ ಕಡೆಯವರು ಅಗಳಿ ಹಾಕಿಕೊಂಡಿದ್ದರು. ನಮ್ಮ ಕಡೆಯ ಅಗಳಿಯನ್ನು ಅವ್ವ ಒಂದು ದಿನ ಸದ್ದಿಲ್ಲದೆ ತೆಗೆದಳು, ಆಚೆಯದನ್ನು ಖಾಲಾ ತೆಗೆದಳು. ಆಯಿಗೆ ಅದು ಗೊತ್ತಾಗಿ, "ಹಾವಿಗಿ ಹಾಲು ಎರಿ, ಕಚ್ಚಿದ ಮ್ಯಾಲ ಗೊತ್ತಾಗ್ತದ" ಎಂದು ಗೊಣಗಿದಳು.

ರಮಜಾನ್ ತಿಂಗಳು ಬಂತು. ಹಬ್ಬಕ್ಕೆ ತಮ್ಮ ಮನೆಯಲ್ಲಿ ನಾನಖಟಾಯಿ ಮಾಡುತ್ತಾರೆ, ಬಾಯಲ್ಲಿಟ್ಟರೆ ಕರಗುತ್ತದೆ ಎಂದು ನೂರಿ ಬಡಾಯಿ ಕೊಚ್ಚಿಕೊಂಡಳು. ಬಿಸ್ಕೀಟನ್ನು ಮನೆಯಲ್ಲಿ ಮಾಡುತ್ತಾರೆ ಎಂದರೆ ನನಗೆ ನಂಬಿಕೆಯೇ ಬರಲಿಲ್ಲ. ನಾನೂ ನನ್ನ ತಂಗಿ ನಿಂಗಿಯೂ ಖಾಲಾಳ ಬೆನ್ನು ಬಿದ್ದೆವು. ನಿಂಗಿಗೆ ಆಗ ನಾಲ್ಕು ವರ್ಷ, ಹೇಳಿದ ಕೆಲಸಕ್ಕೆ ಮುಂದೆ ಓಡುವುದೆಂದರೆ ಅವಳಿಗೆ ಹಬ್ಬ. ನಮ್ಮ ಕಾಟ ತಡೆಯಲಾಗದೆ ಖಾಲಾ, "ತುಪ್ಪ ಎಲ್ಲಿಂದ ತರ್ಲಿ ಬೇಟಾ?" ಎಂದಳು. ಮರುದಿನವೇ ಅವ್ವ ಒಂದು ಬಟ್ಟಲು ತುಪ್ಪವನ್ನು ಸೆರಗಿನಡಿ ಮುಚ್ಚಿಕೊಂಡು ಹೋಗಿ ಕೊಟ್ಟಳು. ಸಕ್ಕರೆ ಸಿಗುತ್ತಿರಲಿಲ್ಲ, ಬೆಲ್ಲ ತುರಿದಿಟ್ಟುಕೊಂಡೆವು.

ಖಾಲಾ ಅಗಲವಾದ ಪರಾತದಲ್ಲಿ ತುಪ್ಪ ಹಾಕಿ, ಅಂಗೈಯಿಂದ ತಿಕ್ಕಿ ತಿಕ್ಕಿ ಬೆಣ್ಣೆಯಂತೆ ಬೆಳ್ಳಗೆ ಮಾಡಿದಳು. ಬೆಲ್ಲ, ಮೈದಾ, ಕಡಲೆಹಿಟ್ಟು ಸುರಿದಳು. ನಾನೂ ನೂರಿಯೂ ಏಲಕ್ಕಿ, ಲವಂಗ ಕುಟ್ಟುತ್ತಾ ಕುಳಿತಿದ್ದೆವು. ನಡುವೆ ಖಾಲಾ ನಿಂಗಿಗೆ ಗೂಡಿನಿಂದ ಏನನ್ನೋ ತೆಗೆದು ಹಿಟ್ಟಿಗೆ ಹಾಕಲು ಹೇಳಿ, ಕೆಂಡ ನೋಡಲು ಹೊರಗೆ ಹೋದಳು. ಬಂದ ಮೇಲೆ ಎಲ್ಲವನ್ನೂ ಕಲಸಿದಳು. ನಾವು ಮೂವರೂ ಉಂಡೆ ಕಟ್ಟಿ, ಹೆಬ್ಬೆರಳಿನಿಂದ ಒತ್ತಿದೆವು. ನಿಂಗಿಯವು ಒಂದೂ ಗುಂಡಗಿರಲಿಲ್ಲ, ಆದರೂ ಖಾಲಾ "ಚಂದ ಆಗ್ಯಾವ" ಎಂದು ತಟ್ಟೆಯ ನಡುವೆಯೇ ಇಟ್ಟಳು. ದೊಡ್ಡ ಪಾತ್ರೆಯಲ್ಲಿ ಮರಳು ಕಾಯಿಸಿ, ಅದರ ಮೇಲೆ ತಟ್ಟೆ ಇಟ್ಟು, ಮುಚ್ಚಳದ ಮೇಲೂ ಕೆಂಡ ಸುರಿದಳು. ಓಣಿಯ ತುಂಬ ತುಪ್ಪದ ಘಮ ಹರಡಿತು.

ಮುಚ್ಚಳ ತೆಗೆದಾಗ ಮಾತ್ರ ಖಾಲಾ ಹುಬ್ಬು ಗಂಟಿಕ್ಕಿದಳು. "ಯಾಕ ಅರಳಿಲ್ಲಲ್ಲ ಇವು? ನೆಲಕ್ಕ ಬಡದಂಗ ಆಗ್ಯಾವ" ಎಂದಳು. ರಮಜಾನಿನ ಉಪವಾಸ, ರೋಜಾ ಇದ್ದುದರಿಂದ ಅವಳು ರುಚಿ ನೋಡುವಂತಿರಲಿಲ್ಲ. ಅಮ್ಮನ ಜೊತೆಗೇ ತಿನ್ನಬೇಕೆಂದು ನೂರಿಯೂ ಮುಟ್ಟಲಿಲ್ಲ. ತುಪ್ಪ ಕೊಟ್ಟವರ ಪಾಲು ಎಂದು ನಮಗೆ ಬಟ್ಟೆಯಲ್ಲಿ ಕಟ್ಟಿ ಕೊಟ್ಟಳು.

ಮನೆಗೆ ಬಂದರೆ ಅವ್ವ ನೀರಿಗೆ ಹೋಗಿದ್ದಳು, ಅಂಗಳದಲ್ಲಿ ಆಯಿ ಇದ್ದಳು. ನಿಂಗಿಗೆ ತಡೆಯಲಾಗಲಿಲ್ಲ, ಗಬಕ್ಕನೆ ಒಂದನ್ನು ಬಾಯಿಗೆ ತುರುಕಿಕೊಂಡಳು. ಮರುಕ್ಷಣ ಮನೆ ಹಾರಿ ಹೋಗುವಂತೆ ಕಿರುಚಿದಳು. ಅದೇ ಕೈಯಿಂದ ಕಣ್ಣು ಉಜ್ಜಿಕೊಂಡಳು, ಕಿರುಚಾಟ ಇನ್ನೂ ಹೆಚ್ಚಾಯಿತು. ಕಣ್ಣು ಊದಿದವು, ವಾಂತಿಯಾಯಿತು. ಅರ್ಧ ಕಚ್ಚಿದ್ದ ನನ್ನ ನಾಲಿಗೆಗೂ ಬೆಂಕಿ ಬಿದ್ದಿತ್ತು.

"ಆಯಿ, ಭಾಳ ಖಾರ!" ಎಂದೆ.

"ಇಸಾನೂ ಖಾರೇ ಇರ್ತದ!" ಎಂದು ಆಯಿ ತಲೆ ತಲೆ ಬಡಿದುಕೊಂಡಳು. "ಇಸ ಹಾಕ್ಯಾಳ ಆ ಬೂಬು! ಮುದುಕನ್ನ ನುಂಗಿದ್ದು ಸಾಕಾಗಿಲ್ಲ, ಕೂಸುಗೋಳಿಗೆ ಕೈ ಹಾಕ್ಯಾರ!"

ಕೂಗು ಕೇಳಿ ಪಕ್ಕದ ಮನೆಯ ಸಂಗಪ್ಪ ಕಾಕಾ ಓಡಿ ಬಂದ. ಅವನು ತನ್ನನ್ನು ಓಣಿಯ ಫೌಜದಾರನೆಂದೇ ತಿಳಿದಿದ್ದವನು. ಒಂದು ನಾನಖಟಾಯಿಯನ್ನು ಮೂಸಿ ನೋಡಿ, ಹಿಂದೆ ಕುರಿ ಕಾಯುತ್ತಿದ್ದ ನಮ್ಮ ನಾಯಿಯ ಮುಂದೆ ಎಸೆದ. ಸತ್ತ ಇಲಿಯನ್ನೂ ಬಿಡದ ನಾಯಿ ಅದು. ಹತ್ತಿರ ಬಂದು ಮೂಸಿತು, ಸೀನಿತು, ಬಾಲ ಮಡಚಿಕೊಂಡು ಹಿಂದೆ ಸರಿಯಿತು. ಅಲ್ಲಿಗೆ ಎಲ್ಲವೂ ತೀರ್ಮಾನವಾದಂತೆಯೇ ಆಯಿತು.

"ನಾಯಿ ಸೈತ ಮುಟ್ಟವಲ್ದು, ಇನ್ನೇನು ಸಾಕ್ಷಿ ಬೇಕು ದೊಡ್ಡವ್ವ? ನಡೀರಿ ಠಾಣೆಕ್ಕ" ಎಂದ ಕಾಕಾ.

ಅಷ್ಟರಲ್ಲಿ ಕೊಡ ಹೊತ್ತು ಬಂದ ಅವ್ವ ನಿಂಗಿಯ ಕಣ್ಣಿಗೆ ನೀರು ಹಾಕಿದಳು, ಬಾಯಿಗೆ ಮಜ್ಜಿಗೆ ಕುಡಿಸಿದಳು. ಅಳು ಬಿಕ್ಕಿಗೆ ಇಳಿಯಿತು. ಆ ದಿನಗಳಲ್ಲಿ ಠಾಣೆಗೆ ಒಂದು ಮಾತು ಹೋದರೆ ಖಾಲಾ ಮತ್ತೆ ಆ ಓಣಿಯಲ್ಲಿ ಇರುವಂತಿರಲಿಲ್ಲ. ಅದು ಅವ್ವನಿಗೂ ಗೊತ್ತಿತ್ತು, ಆಯಿಗೂ ಗೊತ್ತಿತ್ತು. "ಅತ್ತಿ, ಕಾಲಿಗಿ ಬೀಳ್ತೀನಿ, ಮೊದ್ಲು ಆಕಿನ್ನ ಕೇಳಮು. ಆಮ್ಯಾಲ ಎಲ್ಲಿಗಿ ಬೇಕಾದ್ರ ಹೋಗ್ರಿ" ಎಂದಳು ಅವ್ವ.

ಹಿತ್ತಲ ಬಾಗಿಲು ದೂಡಿಕೊಂಡು ಎಲ್ಲರೂ ನುಗ್ಗಿದೆವು. ಹೊತ್ತು ಮುಳುಗಲು ಬಂದಿತ್ತು. ಖಾಲಾ ನೀರಿನ ಲೋಟ ಮುಂದಿಟ್ಟುಕೊಂಡು ಮಸೀದಿಯ ಕೂಗಿಗೆ ಕಾಯುತ್ತಾ ಕುಳಿತಿದ್ದಳು. ಆಯಿ ನಾನಖಟಾಯಿಯ ಗಂಟನ್ನು ಅವಳ ಮುಂದೆ ಕುಕ್ಕಿದಳು.

"ತಿನ್ನು. ಏನೂ ಹಾಕಿಲ್ಲಂದ್ರ ನಮ್ಮೆದುರಿಗೇ ತಿನ್ನು."

ಖಾಲಾಗೆ ಏನೂ ತಿಳಿಯಲಿಲ್ಲ. ಊದಿದ ಕಣ್ಣಿನ ನಿಂಗಿಯನ್ನು ನೋಡಿ ಗಾಬರಿಯಾದಳು. "ರೋಜಾ ಅದ ಆಯಿ. ಇನ್ನ ಅಜಾನ್ ಆಗಿಲ್ಲ. ಒಂದೀಟು ತಡೀರಿ" ಎಂದಳು.

"ನೋಡಿದೇನು ಸಂಗಪ್ಪ? ತಿನ್ನಾಂಗಿಲ್ಲಂತ!"

ಖಾಲಾ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಕೊನೆಗೆ ಅವ್ವನ ಮುಖ ನೋಡಿದಳು. ಅವ್ವ ತಲೆ ತಗ್ಗಿಸಿಬಿಟ್ಟಳು. ಆಮೇಲೆ ಖಾಲಾ ಗಂಟಿಗೆ ಕೈ ಹಾಕಿ ಒಂದನ್ನು ಪೂರ್ತಿ ಬಾಯಿಗಿಟ್ಟುಕೊಂಡು ಅಗಿದಳು. ಕೆಮ್ಮು ಬಂತು, ಮೂಗಲ್ಲಿ ಕಣ್ಣಲ್ಲಿ ನೀರು ಬಂತು, ಆದರೂ ಉಗುಳದೆ ನುಂಗಿದಳು. "ಯಾ ಅಲ್ಲಾ, ಇದು ಮೆಣಸಿನಕಾಯಿ!" ಎಂದಳು.

ನಿಂಗಿಯನ್ನು ಹತ್ತಿರ ಕರೆದು, "ಬೇಟಾ, ನಾ ಖಾರ ಹಾಕು ಅಂದಿದ್ದೆ. ಯಾವುದು ಹಾಕಿದಿ? ತಾ, ನೋಡಮು" ಎಂದಳು. ನಿಂಗಿ ಅಷ್ಟು ನೋವಿನಲ್ಲೂ ಓಡಿಹೋಗಿ ಗೂಡಿನಿಂದ ಡಬ್ಬಿ ತಂದಳು. ಒಳಗೆ ಕೆಂಪಗೆ ಖಾರದ ಪುಡಿ. "ಇದೇ ಖಾರ. ಭಾಳ ಹಾಕೀನಿ" ಎಂದಳು ಹೆಮ್ಮೆಯಿಂದ.

ಖಾಲಾ ಎದ್ದು ಅದೇ ಗೂಡಿನಿಂದ ಇನ್ನೊಂದು ಡಬ್ಬಿ ತಂದು ಆಯಿಯ ಮುಂದೆ ತೆರೆದಿಟ್ಟಳು. ಹಪ್ಪಳಕ್ಕೆ ಹಾಕುವ ಬಿಳಿಯ ಪಾಪಡಖಾರ. ನಾವು ಅದನ್ನು ಸೋಡಾ ಎನ್ನುತ್ತಿದ್ದೆವು, ಅವರ ಮನೆಯಲ್ಲಿ ಚುಟುಕಾಗಿ ಖಾರ ಎನ್ನುತ್ತಿದ್ದರು. ನಾನಖಟಾಯಿ ಅರಳುವುದು ಅದರಿಂದಲೇ. ಕನ್ನಡದ ಕೂಸಿಗೆ ಖಾರವೆಂದರೆ ಒಂದೇ ಖಾರ. ಹಿಟ್ಟಿಗೆ ಹಿಡಿಗಟ್ಟಲೆ ಬಿದ್ದ ಕೆಂಪು, ಬೆಲ್ಲದ ಬಣ್ಣದಲ್ಲಿ ಯಾರ ಕಣ್ಣಿಗೂ ಕಂಡಿರಲಿಲ್ಲ, ಅದರ ಘಾಟು ಲವಂಗದ ವಾಸನೆಯಲ್ಲಿ ಅಡಗಿತ್ತು.

ಸಂಗಪ್ಪ ಕಾಕಾ ಮೊದಲು ನಕ್ಕ. "ಏ, ಇಷ್ಟೇನಾ" ಎನ್ನುತ್ತಾ ಧೋತರ ಕೊಡವಿಕೊಂಡು ಹೊರಟೇ ಹೋದ. ಅವ್ವ ನಗುತ್ತಾ ಅಳುತ್ತಾ ನಿಂಗಿಯನ್ನು ಎತ್ತಿಕೊಂಡಳು. ಆಗ ಮಸೀದಿಯಿಂದ ಕೂಗು ಕೇಳಿಸಿತು. ಖಾಲಾ ಮುಟ್ಟದೆ ಇಟ್ಟಿದ್ದ ನೀರಿನ ಲೋಟವನ್ನೇ ನೋಡುತ್ತಾ ನಿಂತಿದ್ದಳು. ಇಡೀ ದಿನದ ಉಪವಾಸ ಒಂದು ಗಳಿಗೆ ಮೊದಲು ಮುರಿದಿತ್ತು.

ಆಯಿ ಅಂದು ಊಟ ಮಾಡಲಿಲ್ಲ. ಸೋಮವಾರ, ಶಿವರಾತ್ರಿ ಎಂದು ಜೀವನಪೂರ್ತಿ ಉಪವಾಸ ಹಿಡಿದವಳು ಅವಳು. ವಿಷದ ಮಾತಿಗಿಂತ ಉಪವಾಸ ಕೆಡಿಸಿದ್ದೇ ಅವಳನ್ನು ಹೆಚ್ಚು ಸುಟ್ಟಿತೆಂದು ಕಾಣುತ್ತದೆ. ಬೆಳಗಾದ ಮೇಲೆ ತಾನೇ ಹಿತ್ತಲ ಬಾಗಿಲು ದಾಟಿ ಹೋಗಿ, "ನಿಂದೊಂದು ಉಪಾಸ ನನ್ನಿಂದ ಕೆಟ್ಟದ. ಅದು ನಾ ಹಿಡೀತೀನಿ" ಎಂದಳು.

"ಹಂಗ ಬರಂಗಿಲ್ಲ ಆಯಿ. ನಂದು ನಾನೇ ಹಿಡೀಬೇಕು, ಹಬ್ಬ ಆದ ಮ್ಯಾಲ" ಎಂದಳು ಖಾಲಾ.

"ಹಂಗಾರ ನಿನ್ನ ಜೋಡಿ ಹಿಡೀತೀನಿ."

ಆಯಿ ಆಡಿದಂತೆ ನಡೆದುಕೊಂಡಳು. ಹಬ್ಬ ಕಳೆದ ಮೇಲೆ ಒಂದು ದಿನ ನೀರೂ ಮುಟ್ಟದೆ ಇದ್ದು, ಸಂಜೆ ಖಾಲಾಳ ಅಂಗಳದಲ್ಲಿ ಅವಳ ಪಕ್ಕಕ್ಕೇ ಕುಳಿತಳು. ಆ ದಿನ ನಾವೆಲ್ಲ ಸೇರಿ ಮತ್ತೆ ನಾನಖಟಾಯಿ ಮಾಡಿದ್ದೆವು. ಬಿಳಿ ಡಬ್ಬಿಯನ್ನು ನಿಂಗಿಯೇ ಹಿಡಿದಿದ್ದಳು. ಚೆನ್ನಾಗಿ ಅರಳಿ ನೆತ್ತಿ ಬಿರಿದಿದ್ದವು. ಮಸೀದಿಯ ಕೂಗಾಯಿತು. ಜೀವಮಾನದಲ್ಲಿ ಆ ಮನೆಯ ಹನಿ ನೀರು ಕುಡಿಯದ ಆಯಿ ಕೈ ಚಾಚಿದಳು.

ಖಾಲಾ ತಟ್ಟೆಯಿಂದ ಒಂದನ್ನು ಎತ್ತಿಕೊಂಡು, ತುದಿ ಮುರಿದು, ಆ ಚೂರನ್ನು ಮೊದಲು ತಾನು ಬಾಯಿಗೆ ಹಾಕಿಕೊಂಡು ನುಂಗಿದಳು. ಆಮೇಲೆ ಉಳಿದುದನ್ನು ಆಯಿಗೆ ಕೊಟ್ಟಳು.

ಆಯಿಯ ಕೈ ನಡುವೆಯೇ ನಿಂತಿತು. "ಇನ್ನ ಮನಸಿನ್ಯಾಗ ಇಟ್ಕೊಂಡೀ ಏನವ್ವ?" ಎಂದಳು. ಆಯಿ ಅವಳನ್ನು 'ಅವ್ವ' ಎಂದದ್ದು ಅದೇ ಮೊದಲು.

"ಇಲ್ಲ ಆಯಿ, ನಿಮ್ಮ ಆಣಿ ಇಲ್ಲ. ಕೈ ತಾನೇ ಮಾಡ್ತದ" ಎಂದಳು ಖಾಲಾ.

ಅದು ನಿಜವೇ ಇತ್ತು. ಆಮೇಲೆ ಎಷ್ಟೋ ವರ್ಷ ಅವರು ನಮ್ಮ ಗೋಡೆಯಾಚೆ ಇದ್ದರು. ಹಿತ್ತಲ ಬಾಗಿಲಿಗೆ ಮತ್ತೆ ಅಗಳಿ ಬೀಳಲಿಲ್ಲ. ಆಯಿ ಕೊನೆಗಾಲದಲ್ಲಿ ಮಲಗಿದಾಗ ಗಂಜಿ ಕುಡಿಸಿದವರಲ್ಲಿ ಖಾಲಾಳೂ ಒಬ್ಬಳು. ಆ ಗಂಜಿಯನ್ನೂ ಅವಳು ಮೊದಲು ಒಂದು ಚಮಚ ತಾನು ಕುಡಿದೇ ಆಯಿಗೆ ಕುಡಿಸುತ್ತಿದ್ದಳು. ಬಿಸಿ ನೋಡುತ್ತಿದ್ದಾಳೆ ಎಂದು ಬಂದವರು ತಿಳಿಯುತ್ತಿದ್ದರು. ಆಯಿ ಮಾತ್ರ ಪ್ರತಿ ಸಲವೂ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು.