ಮೋಹಿನಿಯ ಅಂಗಳ, ಮೋಹಿನಿಯ ಕಾರು

ಅಮೆರಿಕದ ಮೆಟುಚೆನ್ ಊರಿನ ಮೋಹಿನಿ ಓದಿದ್ದು ಏಳನೇ ಕ್ಲಾಸು. ಕಾರು ಕಲಿತದ್ದು ಐವತ್ತೆರಡನೇ ವಯಸ್ಸಿನಲ್ಲಿ. ಕಲಿಸಿದ್ದು ಗಂಡ ಶಾಂತಾರಾಮ. ಅವನು ಕೊನೆಗೆ ತಂದದ್ದು ಎಲೆಕ್ಟ್ರಿಕ್ ಕಾರು. ಚೌತಿಯ ಮರುದಿನ ಅವನು ಹೋದ. ಕಾರು ಉಳಿಯಿತು.

ಊರಿಂದ ನಾದಿನಿ ಫೋನ್ ಮಾಡಿದಳು. "ಅತ್ತಿಗೆ, ಇನ್ನು ನೀವು ರಂಗೋಲಿ ಹಾಕಬಾರದು."

"ಸತ್ತದ್ದು ಗಂಡ. ಅಂಗಳ ಸತ್ತಿಲ್ಲ."

ಅವಳ ಅಂಗಳವೆಂದರೆ ಗ್ಯಾರೇಜಿನ ಮುಂದಿನ ಡ್ರೈವ್‌ವೇ. ಮರುದಿನದಿಂದ ಅದಕ್ಕೆ ದಿನಾ ಬೆಳಿಗ್ಗೆ ಒಂದು ಬಕೆಟ್ ನೀರು. ಮೊದಲಿಗಿಂತ ದೊಡ್ಡ ರಂಗೋಲಿ.

ಕಾರನ್ನೂ ಬಿಡಲಿಲ್ಲ. ಪಕ್ಕದ ಮನೆಯ ಸಿದ್ದರಾಮಪ್ಪನಿಗೆ ವಾರಕ್ಕೆ ಮೂರು ಡಯಾಲಿಸಿಸ್. ಮೊದಲು ಶಾಂತಾರಾಮ ಕರಕೊಂಡು ಹೋಗುತ್ತಿದ್ದ, ಈಗ ಇವಳು. ಹ್ಯಾರಿಸನ್ ಊರಿನಲ್ಲಿರುವ ಮಗಳು ಶ್ರಿಯಾಗೆ ಇದು ಹಿಡಿಸಲಿಲ್ಲ. "ಸ್ನೋದಲ್ಲಿ ಒಂದೇ ಒಂದು ಸಲ ಜಾರಿದರೂ ಕೀ ನನಗೆ ಕೊಡಬೇಕು," ಎಂದು ಭಾಷೆ ತೆಗೆದುಕೊಂಡಳು. ಮೋಹಿನಿ ಭಾಷೆ ಕೊಟ್ಟಳು. ಜಾರುವುದಿಲ್ಲ ಎಂಬ ಜಂಬ.

ಜನವರಿಯ ಒಂದು ಶನಿವಾರ. ಶ್ರಿಯಾ ಹಿಂದಿನ ದಿನವೇ ರೈಲಿನಲ್ಲಿ ಬಂದಿದ್ದಳು. ಮೋಹಿನಿ ಎಲ್ಲವನ್ನೂ ಗಂಡ ಹೇಳಿಕೊಟ್ಟ ಹಾಗೆಯೇ ಮಾಡಿದಳು. ಚಾರ್ಜರ್ ತೆಗೆಯುವ ಮೊದಲೇ ಕಾರು ಬಿಸಿ ಮಾಡಿದಳು. ಗಾಜಿನ ಮೇಲಿದ್ದ ಸ್ನೋ ಅಷ್ಟೇ ಅಲ್ಲ, ನೆತ್ತಿಯ ಮೇಲಿದ್ದದ್ದನ್ನೂ ಬಳಿದಳು. ಚಳಿಗಾಲದ ಟೈರು ಹಾಕಿ ಆಗಿತ್ತು. ಆದರೆ ಅದಕ್ಕೂ ಮೊದಲು, ಕತ್ತಲೆ ಇದ್ದಾಗಲೇ, ನೀರು ಚೆಲ್ಲಿ ರಂಗೋಲಿ ಹಾಕಿದ್ದಳು. ಚಳಿಗಾಲ ಬಂದರೆ ಶಾಂತಾರಾಮ ಅವಳ ಕೈಯಿಂದ ಬಕೆಟ್ ಕಸಿದುಕೊಳ್ಳುತ್ತಿದ್ದ. ಈ ವರ್ಷ ಕಸಿಯುವವರು ಇರಲಿಲ್ಲ.

ರಿವರ್ಸ್ ಹಾಕಿದಳು. ಚೆಲ್ಲಿದ ನೀರು ಐಸಾಗಿತ್ತು, ಚಕ್ರ ಅದರ ಮೇಲೆ ಹತ್ತಿತು. ಕಾರು ಅಡ್ಡಡ್ಡ ಜಾರಿಕೊಂಡು ಹೋಗಿ ಪೋಸ್ಟ್ ಡಬ್ಬಿಯ ಕಂಬಕ್ಕೆ ಒರಗಿತು.

ಚೀಲ ಹಿಡಿದು ಕಾಯುತ್ತಿದ್ದ ಸಿದ್ದರಾಮಪ್ಪ ಕೂಗಿದ. "ಏನ ತಂಗಿ, ಇವತ್ತ ಕಾರೂ ರಂಗೋಲಿ ಹಾಕೇತಲ್ಲ!"

ಶ್ರಿಯಾ ಚಪ್ಪಲಿಯಲ್ಲೇ ಓಡಿ ಬಂದಳು. "ಅಮ್ಮಾ! ಐ ಟೋಲ್ಡ್ ಯೂ! ಕೀ ಕೊಡು."

ಮೋಹಿನಿ ಇಳಿದಳು. ಕೀ ಕೊಟ್ಟಳು. ಭಾಷೆ ಅಂದರೆ ಭಾಷೆ.

"ಸಿದ್ದರಾಮಣ್ಣನನ್ನು ಕರಕೊಂಡು ಹೋಗು," ಎಂದಳು.

"ನಾನಾ? ಸ್ನೋದಲ್ಲಾ? ನೋ ವೇ. ಕ್ಯಾಬ್ ಬುಕ್ ಮಾಡ್ತೀನಿ." ಫೋನ್ ನೋಡಿದಳು. ಒಂದು ಗಾಡಿಯೂ ಇಲ್ಲ. ಡಯಾಲಿಸಿಸ್‌ಗೆ ಇನ್ನು ಮುಕ್ಕಾಲು ಗಂಟೆ.

"ತಪ್ಪು ನನ್ನದೇ," ಎಂದಳು ಮೋಹಿನಿ. "ನೀರು ಚೆಲ್ಲಿದ್ದು ತಪ್ಪು. ಕಾರು ಹತ್ತಿದ್ದು ತಪ್ಪಲ್ಲ. ಕೀ ತಾ. ಪಕ್ಕದಲ್ಲಿ ಕೂತು ನೋಡು. ಇನ್ನೊಂದು ಸಲ ಜಾರಿದರೆ ನಾನೇ ಕಾರು ಮಾರುತ್ತೇನೆ."

ಅಡಿಗೆಮನೆಯಿಂದ ಕಲ್ಲುಪ್ಪಿನ ಡಬ್ಬ ತಂದು ಚಕ್ರದ ಹಿಂದೆ ಮುಂದೆ ಸುರಿದಳು. ಐಸು ಚಿಟಚಿಟ ಅಂದಿತು. ಶ್ರಿಯಾ ಕೀ ಕೊಟ್ಟು ಪಕ್ಕದಲ್ಲಿ ಕೂತಳು. ಕಾರು ಮೆಲ್ಲಗೆ ರಸ್ತೆಗೆ ಬಂತು.

ದಾರಿಯಲ್ಲಿ ಸೇತುವೆಯ ಇಳಿಜಾರು. ಐಸು ಗಾಜಿನ ಹಾಗೆ ಹೊಳೆಯುತ್ತಿತ್ತು. ಮುಂದಿದ್ದ ದೊಡ್ಡ ಗಾಡಿ ಗಿರಕಿ ಹೊಡೆದು ಅಡ್ಡ ನಿಂತಿತು. ಶ್ರಿಯಾ ತನ್ನ ಕಡೆ ಇಲ್ಲದ ಬ್ರೇಕನ್ನು ಕಾಲಲ್ಲಿ ಒತ್ತಿದಳು. "ಅಮ್ಮಾ, ಸ್ಟಾಪ್!"

ಮೋಹಿನಿ ಐದಾರು ಕಾರಿನಷ್ಟು ಜಾಗ ಬಿಟ್ಟೇ ಬಂದಿದ್ದಳು. ಪೆಡಲ್ ಮೇಲಿನ ಕಾಲನ್ನು ಇಷ್ಟಿಷ್ಟೇ ಸಡಿಲಿಸಿದಳು.

"ಕಾಲು ಸರಕ್ಕನೆ ಎತ್ತಬಾರದು," ಎಂದಳು. "ಎತ್ತಿದರೆ ಈ ಕಾರು ತಾನೇ ಬ್ರೇಕ್ ಹಿಡಿಯುತ್ತದೆ. ಐಸಿನ ಮೇಲೆ ಹಿಡಿದರೆ ಮುಗಿಯಿತು. ನಿನ್ನ ಅಪ್ಪ ಹೇಳುತ್ತಿದ್ದರು, ಮಲಗಿದ ಮಗುವಿನ ಮೇಲಿಂದ ಕೈ ತೆಗೆದ ಹಾಗೆ ತೆಗೆ ಅಂತ. ಆ ಮಗು ನೀನೇ."

ಕಾರು ನಿಂತಿತು. ನಡುವೆ ಇನ್ನೂ ಎರಡು ಕಾರು ಹಿಡಿಯುವಷ್ಟು ಜಾಗ ಇತ್ತು. ಸಿದ್ದರಾಮಪ್ಪ ಹಿಂದಿನ ಸೀಟಿನಲ್ಲಿ ಕಣ್ಣು ತೆರೆದ. "ಬಂತೇನ?"

ಡಯಾಲಿಸಿಸ್‌ಗೆ ಐದು ನಿಮಿಷ ಮೊದಲೇ ಮುಟ್ಟಿಸಿದರು.

ಮನೆಗೆ ಬಂದ ಮೇಲೆ ಮೋಹಿನಿ ಕೀ ಚಾಚಿದಳು. "ಬೇಕಾ?"

"ಮಂಗಳವಾರ ಅಂಕಲ್‌ಗೆ ಮತ್ತೆ ಹೋಗ್ಬೇಕಲ್ಲ," ಎಂದಳು ಶ್ರಿಯಾ, ಮುಖ ನೋಡದೆ. "ನೀನೇ ಇಟ್ಕೋ."

ಭಾನುವಾರ ಬೆಳಿಗ್ಗೆ ಮೋಹಿನಿ ಬಕೆಟ್ ಮುಟ್ಟಲಿಲ್ಲ. ಕಲ್ಲುಪ್ಪು ಮುಷ್ಟಿಯಲ್ಲಿ ಹಿಡಿದು ಡ್ರೈವ್‌ವೇಯ ಐಸಿನ ಮೇಲೆ ಚುಕ್ಕಿ ಇಟ್ಟಳು, ಎಳೆ ಎಳೆದಳು. ಶ್ರಿಯಾ ಕಾಫಿ ಹಿಡಿದು ಬರುವಷ್ಟರಲ್ಲಿ ಉಪ್ಪು ಐಸನ್ನು ತಿಂದಿತ್ತು. ಬಿಳಿ ನೆಲದಲ್ಲಿ ಕಪ್ಪು ಡಾಂಬರಿನ ರಂಗೋಲಿ ಎದ್ದಿತ್ತು, ಗ್ಯಾರೇಜಿನಿಂದ ರಸ್ತೆಯವರೆಗೆ.

"ಫೋಟೋ ತೆಗೆ," ಎಂದಳು ಮೋಹಿನಿ. "ಊರಲ್ಲಿರುವ ನಿನ್ನ ಸೋದರತ್ತೆಗೆ ಕಳಿಸು."