ಕಮಾನಿನ ಕಚೇರಿಯ ಬಿರುಕು

ಕಮಲಾಪುರದಲ್ಲಿ ಯಾರಿಗೆ ದಾರಿ ಹೇಳಬೇಕಾದರೂ ಕಮಾನಿನ ಕಚೇರಿಯಿಂದಲೇ ಶುರು. ಅದರ ಬಲಕ್ಕೆ ಸಂತೆ, ಹಿಂದೆ ದವಾಖಾನೆ. ನಿಜಾಮರ ಕಾಲದ ಆ ಕಲ್ಲಿನ ಕಟ್ಟಡದ ಕಮಾನಿನ ಕೆಳಗೆ ನಿಂತು ಫೋಟೊ ತೆಗೆಸಿಕೊಳ್ಳದಿದ್ದರೆ ನಮ್ಮೂರವರಿಗೆ ಮದುವೆ ಆದಂತೆಯೇ ಅನ್ನಿಸುತ್ತಿರಲಿಲ್ಲ.

ನಮ್ಮ ಮನೆಯವರಿಗೆ ಇನ್ನೂ ಒಂದು ಜಂಬವಿತ್ತು. ಎಂಬತ್ತರ ದಶಕದ ಆರಂಭದಲ್ಲಿ ಕಚೇರಿಯ ಬೆನ್ನಿಗೆ ಎರಡು ಸಿಮೆಂಟಿನ ಖೋಲಿ ಕಟ್ಟಿದ ಗೌಂಡಿ ನಮ್ಮಪ್ಪ. ಬರಬರುತ್ತಾ ಊರವರು ಇಡೀ ಕಚೇರಿಯನ್ನೇ ಅವನು ಕಟ್ಟಿದ ಹಾಗೆ ಮಾತಾಡತೊಡಗಿದರು. ಅಪ್ಪ ನಗುತ್ತಿದ್ದನೇ ಹೊರತು ತಿದ್ದುತ್ತಿರಲಿಲ್ಲ. ಮಗಳಾದ ನಾನಂತೂ ಶಾಲೆಯಲ್ಲಿ ಅದನ್ನೇ ಹೇಳಿಕೊಂಡು ಮೆರೆದೆ.

ಮುಂದೆ ನಾನು ಇಂಜಿನಿಯರ್ ಆಗಿ ಕಲಬುರಗಿಯಲ್ಲಿ ಸರಕಾರಿ ನೌಕರಿ ಹಿಡಿದೆ. ಒಂದು ಮಳೆಗಾಲ ಮುಗಿಯುವ ಹೊತ್ತಿಗೆ ಹಳೆಯ ಗೋಡೆಗೂ ಅಪ್ಪನ ಖೋಲಿಗಳಿಗೂ ನಡುವೆ ಕೈ ತೂರುವಷ್ಟು ಬಿರುಕು ಬಿಟ್ಟಿತು. ಯಾವ ಭಾಗ ಕೆಡವಬೇಕು, ಯಾವುದು ಉಳಿಯಬೇಕು ಎಂದು ನೋಡಿ ವರದಿ ಕೊಡುವ ಕೆಲಸ ನನ್ನ ಕೊರಳಿಗೇ ಬಿತ್ತು. ಊರಿನ ಬಸ್ಸಿನಲ್ಲಿ ಕೂತಲ್ಲಿ ಕೂರಲಾಗಲಿಲ್ಲ.

ಎರಡೂ ಕಡೆಯ ಗೋಡೆಗಳನ್ನು ಸುತ್ತಿಗೆಯಿಂದ ತಟ್ಟಿದೆ. ಸುಣ್ಣದ ಗಚ್ಚಿನ ಹಳೆಯ ಗೋಡೆ ಗಟ್ಟಿಯಾಗಿಯೇ ಸದ್ದು ಕೊಟ್ಟಿತು. ಅಪ್ಪನ ಗೋಡೆ ಟೊಳ್ಳು, ತಟ್ಟಿದಲ್ಲೆಲ್ಲ ಮರಳು ಉದುರಿತು. ಮಳೆಗೆ ಉಬ್ಬಿ ಬಿಸಿಲಿಗೆ ಕುಗ್ಗುವ ಎರೆಮಣ್ಣಿನಲ್ಲಿ ಅವನು ಹಾಕಿದ ಪಾಯ ಸಾಕಷ್ಟು ಆಳಕ್ಕೆ ಇಳಿದಿರಲಿಲ್ಲ. ಕುಸಿಯುತ್ತಿದ್ದ ಆ ಖೋಲಿಗಳೇ ಹಳೆಯ ಗೋಡೆಯನ್ನು ಜಗ್ಗುತ್ತಿದ್ದವು.

ಕಲಬುರಗಿಯ ಜಗತ್ ವೃತ್ತದ ಹತ್ತಿರದ ನನ್ನ ಬಾಡಿಗೆ ಮನೆಯಲ್ಲಿ ಮೂರು ದಿನ ಬರೆದೆ, ಹರಿದೆ, ಎದ್ದು ಓಡಾಡಿದೆ. ಖೋಲಿ ಕೆಡವಿಸಿದರೆ ಊರಲ್ಲಿ ಅಪ್ಪ ತಲೆ ಎತ್ತುವುದು ಹೇಗೆ? ನಾಲ್ಕನೆಯ ದಿನ, ಹಳೆಯ ಭಾಗ ಶಿಥಿಲವಾಗಿದೆ, ಕೆಡವಬೇಕು, ಹಿಂದಿನ ಖೋಲಿಗಳಿಗೆ ದುರಸ್ತಿ ಸಾಕು ಎಂದು ಬರೆದು ಸಹಿ ಹಾಕಿದೆ. ಇವತ್ತಿಗೂ ನಾಚಿಕೆಯಾಗುತ್ತದೆ.

ಹಳೆಯ ಕಚೇರಿ ಕೆಡವಲು ಬಂದವರು ವಾರಗಟ್ಟಲೆ ಒದ್ದಾಡಿದರು. ಕಲ್ಲು ಕಲ್ಲನ್ನು ಬಿಡುತ್ತಿರಲಿಲ್ಲ. ಅಪ್ಪ ದಿನವೂ ಹೋಗಿ ನಿಂತು ನೋಡುತ್ತಿದ್ದನಂತೆ. ಭಾನುವಾರ ನಾನು ಊರಿಗೆ ಹೋದಾಗ ಊಟಕ್ಕೆ ಕೂತವನು ತುತ್ತು ಎತ್ತದೆ ಕೇಳಿದ:

"ಆ ಗ್ವಾಡಿ ಬಡದ್ ನೋಡಿದ್ದೇನವ್ವಾ?"

"ನೋಡಿದ್ದೆ."

"ನನ್ನ ಖೋಲಿ?"

"ಅದನ್ನೂ ನೋಡಿದ್ದೆ. ಅಪ್ಪಾ, ಊರಾಗ ನಿನ್ನ ಹೆಸರು..."

ಅಪ್ಪ ತಟ್ಟೆ ಸರಿಸಿದ.

"ನಂದ ಕೆಡವಬೇಕಿತ್ತಲ್ಲ ಯವ್ವಾ. ನಾ ಇನ್ನೊಮ್ಮಿ ಕಟ್ಟಿಕೊಡ್ತಿದ್ದೆ. ಆ ಕಮಾನ ಈಗ ಯಾರು ಕಟ್ಟಿಕೊಡ್ತಾರ?"